ಅಗಿಯಬೇಕಿಲ್ಲದ ತುತ್ತು

ಕಳೆದ ವಾರ ನನ್ನ ವಿದ್ಯಾರ್ಥಿನಿಯರನ್ನು ಕರೆದುಕೊಂಡು ಮಂಡ್ಯದ ಒಂದು ಆಸ್ಪತ್ರೆಯ ವಾರ್ಡಿಗೆ ಹೋಗಿದ್ದೆ. ನಾನೀಗ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಹೇಳುವವಳು. ರೋಗಿಯನ್ನೂ ಅವನ ಮನೆಯವರನ್ನೂ ಜೊತೆಗಿಟ್ಟುಕೊಂಡು ಶುಶ್ರೂಷೆ ಮಾಡುವುದು ಹೇಗೆ ಎಂಬುದು ಅವತ್ತಿನ ಪಾಠ. ಪುಸ್ತಕದಲ್ಲಿ ಅದಕ್ಕೆ ನಾಲ್ಕು ಪುಟ ಇದೆ, ಹುಡುಗಿಯರು ನಾಲ್ಕನ್ನೂ ಬಾಯಿಪಾಠ ಮಾಡಿಕೊಂಡು ಬಂದಿದ್ದರು. ಮಧ್ಯಾಹ್ನ ಒಂದೂವರೆಯ ಹೊತ್ತು. ಕಿಟಕಿ ಪಕ್ಕದ ಹಾಸಿಗೆಯ ಹತ್ತಿರ ಒಬ್ಬ ಹೆಂಗಸು ಕ್ಯಾರಿಯರಿನ ಮುಚ್ಚಳ ತೆಗೆದಳು. ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ರಾಗಿ ಮುದ್ದೆಯ ಬಿಸಿ ವಾಸನೆ ಬಂತು, ಅದರ ಹಿಂದೆಯೇ ಹುರುಳಿಕಾಳಿನ ಬಸ್ಸಾರಿನದು. ನಾನು ಹೇಳುತ್ತಿದ್ದ ವಾಕ್ಯ ಅರ್ಧಕ್ಕೇ ನಿಂತುಹೋಯಿತು. ಹುಡುಗಿಯೊಬ್ಬಳು ಮೇಡಂಗೆ ಹಸಿವಾಗಿದೆ ಅಂತ ನಕ್ಕಳು. ನಾನೂ ನಕ್ಕೆ. ನಗದೆ ಏನು ಮಾಡಲಿ, ಮೇಡಂ ಆದವಳು ವಾರ್ಡಿನ ನಡುವೆ ನಿಂತು ಅಳುವ ಹಾಗಿಲ್ಲವಲ್ಲ.

ಆ ವಾಸನೆ ಬಂದರೆ ನನಗೆ ಒಂದು ಕಬ್ಬಿನ ಹಂಗಾಮು ಪೂರ್ತಿ ನೆನಪಾಗುತ್ತದೆ. ಜನ ಕೊರೋನಾ ಮರೆತು, ಉಳಿದ ಮಾಸ್ಕುಗಳಲ್ಲಿ ಸ್ಕೂಟರ್ ಒರೆಸುತ್ತಿದ್ದ ಕಾಲ ಅದು. ನಮ್ಮದು ಭಾರತೀನಗರ, ಊರವರ ಬಾಯಲ್ಲಿ ಈಗಲೂ ಕೆ.ಎಂ. ದೊಡ್ಡಿ. ಸಕ್ಕರೆ ಕಾರ್ಖಾನೆ ಕಬ್ಬು ಅರೆಯಲು ಶುರು ಮಾಡಿತೆಂದರೆ ನಮ್ಮ ರಸ್ತೆಯಲ್ಲಿ ಮನುಷ್ಯರಿಗೆ ಜಾಗವಿರುವುದಿಲ್ಲ. ನಾನು ಹತ್ತುತ್ತಿದ್ದ ಬೆಳಗಿನ ಬಸ್ಸು ಕಬ್ಬಿನ ಟ್ರಾಕ್ಟರುಗಳ ಹಿಂದೆ ತೆವಳುತ್ತಿತ್ತು. ಕಿಟಕಿಯಾಚೆ ಮಂಜು, ಮಂಜಿನೊಳಗೆ ಆಲೆಮನೆಗಳ ಹೊಗೆ, ಬಸ್ಸಿನೊಳಗೆ ಶಾಲು ಹೊದ್ದು ತೂಕಡಿಸುವ ಕಾಲೇಜು ಮಕ್ಕಳು. ದಿನವೂ ಡ್ಯೂಟಿಗೆ ಹತ್ತು ನಿಮಿಷ ತಡವಾಗಿ ಹೋಗುತ್ತಿದ್ದೆ. ಆ ಹತ್ತು ನಿಮಿಷದ ಸಿಟ್ಟನ್ನು ದಿನ ಪೂರ್ತಿ ಯಾರ ಮೇಲಾದರೂ ತೀರಿಸಿಕೊಳ್ಳುತ್ತಿದ್ದೆ.

ಆಗ ನಾನಿದ್ದ ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ತಪ್ಪು ಅದರ ಗೋಡೆಗಳದ್ದಲ್ಲ, ನನ್ನದು. ಗಂಡಸರ ವಾರ್ಡಿಗೆ ನಾನೇ ಇನ್‌ಚಾರ್ಜ್ ಸಿಸ್ಟರ್. ಹದಿನೈದು ವರ್ಷದ ಅನುಭವ, ಅದಕ್ಕೆ ತಕ್ಕಷ್ಟು ಕೊಬ್ಬು. ಸುಜಾತ ಸಿಸ್ಟರ್ ಬಂದರೆಂದರೆ ರೋಗಿಗಳ ಕಡೆಯವರು ಮಂಚದ ಮೇಲಿಂದ ತಟ್ಟನೆ ಏಳುತ್ತಿದ್ದರು. ಅದನ್ನು ನಾನು ಶಿಸ್ತು ಅಂದುಕೊಂಡಿದ್ದೆ. ಆ ವರ್ಷ ಜೊತೆಗೆ ಇನ್ನೊಂದು ತಲೆನೋವು ಬಂದಿತ್ತು. ಆಸ್ಪತ್ರೆಯ ಗುಣಮಟ್ಟ ನೋಡಲು ತಪಾಸಣೆಯವರು ಬರುವವರಿದ್ದರು. ಪ್ರತಿ ರೋಗಿಯ ಫೈಲಿನಲ್ಲೂ ಹೊಸದೊಂದು ಫಾರಂ ಇರಬೇಕಿತ್ತು. ‘ಕುಟುಂಬದವರಿಗೆ ತಿಳಿವಳಿಕೆ ನೀಡಲಾಗಿದೆ’ ಎಂದು ಮೇಲೆ ಅಚ್ಚಾಗಿದ್ದ ಹಾಳೆ. ಕೆಳಗೆ ಔಷಧಿ, ಊಟ, ಮಗ್ಗುಲು ಬದಲಿಸುವುದು, ಹೀಗೆ ಹನ್ನೊಂದು ಚೌಕಗಳು. ಹನ್ನೊಂದಕ್ಕೂ ಗುರುತು ಹಾಕಿ ಮನೆಯವರ ರುಜು ತೆಗೆದುಕೊಳ್ಳಬೇಕು. ಒಳ್ಳೆಯ ಉದ್ದೇಶದ ಹಾಳೆಯೇ. ನಮ್ಮ ಕೈಗೆ ಬಂದು ಅದು ಬರೀ ಹಾಳೆಯಾಯಿತು.

ಪುಟ್ಟಸ್ವಾಮಿ ಬಂದದ್ದು ಆ ದಿನಗಳಲ್ಲಿ. ಕಿರುಗಾವಲಿನಿಂದ ಒಳಗಿನ ಒಂದು ಊರಿನವರು. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದು ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತವರು ಕುಸಿದಿದ್ದರಂತೆ. ಬಲಭಾಗ ಪೂರ್ತಿ ಬಿದ್ದುಹೋಗಿತ್ತು, ಮಾತು ನಿಂತಿತ್ತು. ನುಂಗಲು ಆಗುತ್ತಿರಲಿಲ್ಲ, ಅದಕ್ಕೆ ಮೂಗಿನಿಂದ ಹೊಟ್ಟೆಗೆ ನಳಿಕೆ ಹಾಕಿದ್ದೆವು. ಜೊತೆಗೆ ಬಂದವರು ಹೆಂಡತಿ ಸಾಕಮ್ಮ, ಮಗ ಮಹೇಶ. ಮಹೇಶ ಗೆಜ್ಜಲಗೆರೆಯ ಒಂದು ಕಾರ್ಖಾನೆಯಲ್ಲಿ ಎರಡನೇ ಶಿಫ್ಟಿನವನು. ದಿನವೂ ಮಧ್ಯಾಹ್ನ ಕೆಲಸಕ್ಕೆ ಹೋಗುವ ದಾರಿಯಲ್ಲಿ ಬೈಕ್ ನಿಲ್ಲಿಸಿ, ತಾಯಿಗೆ ಮನೆಯಿಂದ ತಂದ ಕ್ಯಾರಿಯರ್ ಕೊಟ್ಟು, ವಾರ್ಡಿನ ಬಾಗಿಲಿಂದಲೇ ಅಪ್ಪನನ್ನು ಇಣುಕಿ ನೋಡಿ ಹೋಗುತ್ತಿದ್ದ. ಸಾಕಮ್ಮ ಮಾತ್ರ ಆಸ್ಪತ್ರೆ ಬಿಟ್ಟು ಕದಲುತ್ತಿರಲಿಲ್ಲ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ಒಳಗೆ ಬರಬಹುದು ಎಂಬುದು ನಿಯಮ. ಉಳಿದ ಹೊತ್ತೆಲ್ಲ ಆಕೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ನಾನು ಅತ್ತಿಂದಿತ್ತ ಓಡಾಡುವಾಗೆಲ್ಲ ಎದ್ದು ನಿಲ್ಲುತ್ತಿದ್ದರು. ದಾರಿಗೆ ಅಡ್ಡ ಕೂರಬೇಡಿ ಅಂತ ಬೈದದ್ದೂ ಉಂಟು.

ಮೂರನೇ ದಿನ ನಾನು ಪುಟ್ಟಸ್ವಾಮಿಯವರ ಎಡಗೈಯನ್ನು ಮಂಚದ ಕಂಬಿಗೆ ಬ್ಯಾಂಡೇಜ್ ಬಟ್ಟೆಯಲ್ಲಿ ಕಟ್ಟಿದೆ. ಎಡಗಾಲು ಸದಾ ಒದ್ದಾಡುತ್ತಿತ್ತು, ಎಡಗೈ ಗಾಳಿಯಲ್ಲಿ ಏನನ್ನೋ ತಡಕುತ್ತಿತ್ತು. ನಳಿಕೆ ಕಿತ್ತುಕೊಂಡಾರು ಅಂತ ನನ್ನ ಭಯ. ಫೈಲಿನಲ್ಲಿ ‘ರೋಗಿ ಚಡಪಡಿಸುತ್ತಾರೆ’ ಎಂದು ಬರೆದೆ. ಸಂಜೆ ಒಳಗೆ ಬಂದ ಸಾಕಮ್ಮ ಆ ಕಟ್ಟನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು, ಬಯ್ಯಿಸಿಕೊಳ್ಳಲು ತಯಾರಾದವರಂತೆ ತಲೆ ತಗ್ಗಿಸಿ ಹೇಳಿದರು:

“ಕಟ್ಬ್ಯಾಡಿ ಸಿಸ್ಟ್ರಮ್ಮ. ಅವ್ರು ಗೇರ್ ಆಕ್ತಾವ್ರೆ. ಕಾಲಲ್ಲಿ ಕ್ಲಚ್ಚು ತುಳೀತಾವ್ರೆ ನೋಡಿ.”

ನೋಡಿದೆ. ನಿಜ. ಎಡಗಾಲು ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ನಾನು ಚಡಪಡಿಕೆ ಅಂತ ಬರೆದದ್ದು ಮೂವತ್ತು ವರ್ಷದ ಕೆಲಸವಾಗಿತ್ತು. ನನಗೆ ನಾಚಿಕೆಯಾಯಿತು, ಆದರೆ ನಾಚಿಕೆಯನ್ನು ತೋರಿಸಿಕೊಳ್ಳುವ ಜಾಯಮಾನ ನನ್ನದಲ್ಲ. ಮುಖ ಗಂಟಿಕ್ಕಿಕೊಂಡೇ ಕಟ್ಟು ಬಿಚ್ಚಿದೆ. ಯಾವ ರೂಟಿನಲ್ಲಿ ಓಡಿಸುತ್ತಿದ್ದರು ಅಂತ ಕೇಳಿದೆ. ಮಳವಳ್ಳಿ–ಮದ್ದೂರು ಅಂದರು ಸಾಕಮ್ಮ. ಅಂದರೆ ನಮ್ಮೂರಿನ ಮೇಲೇ. ನಾನು ಓದುವ ಕಾಲದಲ್ಲಿ ಅವರ ಬಸ್ಸನ್ನು ನೂರು ಸಲವಾದರೂ ಹತ್ತಿರಬೇಕು. ಕಂಡಕ್ಟರನ ಮುಖ ನೆನಪಿರುತ್ತದೆ, ಡ್ರೈವರನ ಮುಖ ಯಾರಿಗೆ ನೆನಪಿರುತ್ತದೆ?

ಅಂದಿನಿಂದ ಸಂಜೆ ಸಾಕಮ್ಮ ಮಂಚದ ಪಕ್ಕ ಕೂತು ಗಂಡನ ಬಸ್ಸನ್ನು ಓಡಿಸುತ್ತಿದ್ದರು. ಈಗ ಮಳವಳ್ಳಿ ಬಿಟ್ಟದೆ, ಈಗ ಇಳಿಜಾರು, ನಿಧಾನಕ್ಕೆ, ಕಬ್ಬಿನ ಗಾಡಿ ಅಡ್ಡ ಐತೆ, ಈಗ ದೊಡ್ಡಿ ಬಂತು, ಜನ ಇಳೀಲಿ. ದೊಡ್ಡಿಗೆ ಬರುವ ಹೊತ್ತಿಗೆ ಅವರ ಎಡಗಾಲು ಶಾಂತವಾಗುತ್ತಿತ್ತು. ಒಂದು ಸಂಜೆ ನಾನೂ ಬಾಯಿ ಹಾಕಿ, ಅಣ್ಣಾ ನಾನು ಇಲ್ಲೇ ಇಳೀಬೇಕು, ಸ್ವಲ್ಪ ನಿಲ್ಲಿಸಿ ಅಂದೆ. ಪುಟ್ಟಸ್ವಾಮಿ ಅರ್ಧ ಬಾಯಲ್ಲಿ ನಕ್ಕರು. ಬಿದ್ದುಹೋದ ಅರ್ಧ ಹಾಗೇ ಇತ್ತು. ಸಾಕಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು, ಅದು ಸಂತೋಷದ ಅಳು. ಅಲ್ಲಿಂದ ಮುಂದೆ ನಾನು ಆಕೆಯನ್ನು ಮೆಟ್ಟಿಲಿಗೆ ಅಟ್ಟಲಿಲ್ಲ. ನಿಯಮ ಮುರಿದು ಮಧ್ಯಾಹ್ನವೂ ಒಳಗೆ ಬಿಟ್ಟುಕೊಂಡೆ. ನಾನೂ ಒಳ್ಳೆಯವಳಾದೆ ಅಂತ ಮನಸ್ಸಿನಲ್ಲೇ ಬೀಗಿದೆ ಕೂಡ.

ಒಂಬತ್ತನೇ ದಿನ ಡಾಕ್ಟರ್ ಚಮಚದಲ್ಲಿ ನೀರು ಕುಡಿಸಿ ನೋಡಿ, ನಳಿಕೆ ತೆಗೆಸಿದರು. ಮೆತ್ತಗಿನ ಊಟ ಶುರು ಮಾಡಿ ಅಂದರು. ಬೆಳಿಗ್ಗೆ ನಾನೇ ಕೂರಿಸಿ ನಾಲ್ಕು ಚಮಚ ಗಂಜಿ ಕುಡಿಸಿದೆ. ಕೆಮ್ಮು ಬರಲಿಲ್ಲ. ಇಂಥ ರೋಗಿಗೆ ಮೊದಮೊದಲ ಊಟವನ್ನೆಲ್ಲ ನರ್ಸೇ ತಿನ್ನಿಸಬೇಕು, ಮನೆಯವರು ಪಕ್ಕದಲ್ಲಿ ನಿಂತು ನೋಡಬೇಕು, ಆಮೇಲೆ ಅವರು ತಿನ್ನಿಸುವುದನ್ನು ನರ್ಸ್ ನೋಡಬೇಕು. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಮಾರನೆಯ ದಿನವೇ ತಪಾಸಣೆ. ಇಪ್ಪತ್ತೆರಡು ಫೈಲು ಮೇಜಿನ ಮೇಲೆ ಬಾಯಿ ಬಿಟ್ಟುಕೊಂಡು ಬಿದ್ದಿದ್ದವು.

ಹನ್ನೆರಡು ಗಂಟೆಗೆ ಸಾಕಮ್ಮ ಬಂದು ಮಧ್ಯಾಹ್ನಕ್ಕೆ ಏನು ಕೊಡಲಿ ಅಂತ ಕೇಳಿದರು. ನಾನು ಅವರ ಫಾರಂ ತುಂಬುತ್ತಲೇ ಉತ್ತರ ಕೊಟ್ಟೆ. ಆ ಮಾತು ಅಕ್ಷರ ಬಿಡದೆ ನೆನಪಿದೆ.

“ಅಗಿಯೋದೇನೂ ಕೊಡಬೇಡಿ. ಮೆತ್ತಗಿರಬೇಕು, ಸಲೀಸಾಗಿ ನುಂಗೋ ಅಂಥದ್ದು ಕೊಡಿ. ಇಲ್ಲಿ ಒಂದು ರುಜು ಹಾಕಿ.”

ಅಷ್ಟೇ. ತಲೆ ಎತ್ತಿ ಅವರ ಮುಖ ನೋಡಿದ್ದರೆ ಇನ್ನೊಂದು ಮಾತು ಆಡುತ್ತಿದ್ದೆನೇನೋ. ಮನೆಯಲ್ಲಿ ಏನು ಉಣ್ಣುತ್ತೀರಿ ಅಂತ ಕೇಳುತ್ತಿದ್ದೆನೇನೋ. ಸಾಕಮ್ಮ ಮೇಜಿಗೆ ಬಗ್ಗಿ, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು. ಹೆಬ್ಬೆಟ್ಟು ಒತ್ತುವ ಇಂಕನ್ನು ನಾನು ಅವರತ್ತ ತಳ್ಳಿದ್ದೆ, ಅದನ್ನು ವಾಪಸ್ಸು ನನ್ನತ್ತಲೇ ತಳ್ಳಿ ಬರೆದರು. ರುಜು ಹಾಕಲು ತನಗೆ ಗಂಡನೇ ಕಲಿಸಿದ್ದು ಅಂತ ಹೇಳಿದರು. ನಾನು ಹೂಂ ಅಂದು ಮುಂದಿನ ಫೈಲು ಎಳೆದುಕೊಂಡೆ.

ಒಂದೂವರೆಗೆ ಮಹೇಶ ಕ್ಯಾರಿಯರ್ ಕೊಟ್ಟು ಕೆಲಸಕ್ಕೆ ಹೋದ. ಎರಡಕ್ಕೆ ಐದು ನಿಮಿಷ ಇರುವಾಗ ಪರದೆಯ ಹಿಂದಿನಿಂದ ಸಾಕಮ್ಮ ಕೂಗಿದ್ದು ಕೇಳಿಸಿತು. ಓಡಿದೆ. ಪುಟ್ಟಸ್ವಾಮಿಯವರ ಮುಖ ನೀಲಿಗಟ್ಟಿತ್ತು. ಹಾಸಿಗೆಯ ಮೇಲೆ ತಟ್ಟೆ, ತಟ್ಟೆಯಲ್ಲಿ ಸಾರಿನಲ್ಲಿ ಮುಳುಗಿದ ಮುದ್ದೆ. ಬಾಯೊಳಗೆ ಬೆರಳು ಹಾಕಿ, ಬೆನ್ನಿಗೆ ಗುದ್ದಿ, ಗಂಟಲಲ್ಲಿ ಸಿಕ್ಕಿದ್ದನ್ನು ಯಂತ್ರ ಹಾಕಿ ಎಳೆದು ಹೇಗೋ ಉಸಿರು ತರಿಸಿದೆವು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು. ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸಕೋಶಕ್ಕೆ ಇಳಿದಿತ್ತು. ಅವರನ್ನು ಐಸಿಯುಗೆ ಸಾಗಿಸಿದರು.

ಡಾಕ್ಟರ್ ವಾರ್ಡಿನ ನಡುವೆ ನಿಂತು, ಮುದ್ದೆ ಕೊಡಲು ಯಾರು ಹೇಳಿದರು ಅಂತ ಕೇಳಿದರು. ಸಾಕಮ್ಮ ಒಮ್ಮೆ ನನ್ನ ಮುಖ ನೋಡಿದರು. ಆ ನೋಟ ನನಗೆ ಆಗ ಅರ್ಥವಾಗಲಿಲ್ಲ. ಯಾರೂ ಹೇಳಲಿಲ್ಲ, ನಾನೇ ಕೊಟ್ಟೆ ಅಂದರು. ನನಗೆ ಮೈಯೆಲ್ಲ ಉರಿಯಿತು. ಅಷ್ಟು ಹೇಳಿದ್ದೆನಲ್ಲಮ್ಮ, ತಲೆಯಲ್ಲಿ ಏನಿದೆ ನಿಮಗೆ ಅಂತ ಎಲ್ಲರ ಎದುರಿಗೆ ಕಿರುಚಿದೆ. ಆಕೆ ಅಂಟಿದ ಕೈ ತೊಳೆದುಕೊಳ್ಳುವುದನ್ನೂ ಮರೆತು ನಿಂತೇ ಇದ್ದರು.

ಸಂಜೆ ಮನೆಗೆ ಬಂದೆ. ಹಸಿವು ಸತ್ತಿತ್ತು, ಆದರೂ ಅವ್ವ ಬಿಡಬೇಕಲ್ಲ. ತಟ್ಟೆಗೆ ಬಿಸಿ ಮುದ್ದೆ ಹಾಕಿ, ಸಾರು ಬಿಟ್ಟು ಎದುರಿಗೆ ಕೂತರು. ನಾನು ಒಂದು ತುತ್ತು ಮುರಿದು, ಬೆರಳಲ್ಲಿ ಉರುಟು ಮಾಡಿ, ಸಾರಿಗೆ ಅದ್ದಿ, ಬಾಯಿಗೆ ಹಾಕಿ ನುಂಗಿದೆ. ಎರಡನೆಯದನ್ನು ಮುರಿದ ಕೈ ಅಲ್ಲೇ ನಿಂತಿತು.

ನಮ್ಮ ಕಡೆ ಮುದ್ದೆಯನ್ನು ಅಗಿಯುವುದಿಲ್ಲ. ಹಲ್ಲಿಗೆ ತಾಗಿಸದೆ ನುಂಗುವುದನ್ನು ಮಕ್ಕಳಿಗೆ ಎರಡು ವರ್ಷಕ್ಕೇ ಕಲಿಸುತ್ತಾರೆ. ಅಗಿಯುವವರನ್ನು ಕಂಡರೆ ಬೆಂಗಳೂರಿನವರು ಅಂತ ನಗುತ್ತಾರೆ. ಅಗಿಯಬಾರದು, ಮೆತ್ತಗಿರಬೇಕು, ಸಲೀಸಾಗಿ ನುಂಗುವಂತಿರಬೇಕು ಅಂತ ಮಂಡ್ಯದ ಯಾವ ಹೆಂಗಸಿಗಾದರೂ ಹೇಳಿ ನೋಡಿ, ಆಕೆಯ ತಲೆಗೆ ಮೊದಲು ಬರುವುದು ಇನ್ನೇನು? ನಾನು ಓದಿದ ಪುಸ್ತಕ ಬರೆದವರು ಮುದ್ದೆ ಕಂಡಿರಲಿಲ್ಲ. ನಾನು ದಿನಕ್ಕೆರಡು ಹೊತ್ತು ಉಣ್ಣುವವಳು. ಗಂಟಲು ಸೋತವನಿಗೆ ಅಂಟುವ ತುತ್ತಿನಷ್ಟು ಅಪಾಯದ್ದು ಬೇರಿಲ್ಲ ಎಂದು ತಿಳಿದವಳೂ ನಾನೇ.

ಅವ್ವ, ಯಾಕಮ್ಮಿ ಉಣ್ಣಕಿಲ್ವ ಅಂದರು. ತಲೆನೋವು ಅಂತ ಎದ್ದು ಹೋದೆ.

ಮಾರನೆಯ ಬೆಳಿಗ್ಗೆ ಸಾಕಮ್ಮ ಐಸಿಯು ಬಾಗಿಲ ಬಳಿ ನೆಲದ ಮೇಲೆ ಕೂತಿದ್ದರು. ನಾನು ಪಕ್ಕದಲ್ಲಿ ಕೂತೆ. ಹದಿನೈದು ವರ್ಷದ ನೌಕರಿಯಲ್ಲಿ ರೋಗಿಯ ಕಡೆಯವರ ಜೊತೆ ನೆಲದ ಮೇಲೆ ಕೂತದ್ದು ಅದೇ ಮೊದಲು. ನಾನು ಹೇಳಿದ್ದಕ್ಕೇ ಕೊಟ್ಟಿರಾ ಅಂತ ಕೇಳಿದೆ.

“ಅಗಿಯಂಗಿಲ್ಲ ಅಂದ್ರಲ್ಲ ಸಿಸ್ಟ್ರಮ್ಮ. ಮುದ್ದೆ ಯಾರು ಅಗೀತಾರೆ? ನನ್ ಪಾಲಿಂದ್ರಲ್ಲೇ ಕಿವುಚಿ, ಸಾರಲ್ಲಿ ನೆನಸಿ ಕೊಟ್ಟೆ. ಕಂಡೇಟ್ಗೇ ಬಾಯ್ ಬುಟ್ರು. ಎಲ್ಡು ತುತ್ತು ಸಂದಾಗಿ ಇಳೀತು ಕಣವ್ವ. ಮೂರ್ನೇದು...” ಅಷ್ಟಕ್ಕೆ ನಿಂತರು.

ಹಾಗಾದರೆ ಡಾಕ್ಟರಿಗೆ ಯಾಕೆ ಹೇಳಲಿಲ್ಲ ಅಂದೆ. ಸಾಕಮ್ಮ ನನ್ನ ಯೂನಿಫಾರಮ್ಮಿನ ಜೇಬಿನ ಮೇಲಿದ್ದ ಹೆಸರಿನ ಪಟ್ಟಿಯನ್ನೇ ನೋಡುತ್ತಾ, ನೀವು ಅವರ ಕೈ ಬಿಚ್ಚಿದವರು, ನನ್ನನ್ನು ಒಳಗೆ ಬಿಟ್ಟುಕೊಂಡವರು, ನಿಮ್ಮ ಹೆಸರು ಹೇಳಿ ಕೆಲಸ ಕಳೆಯಲಾ ಅಂದರು. ಅವರು ಹುಷಾರಾಗಿ ಎದ್ದು ಬಂದರೆ ಸಾಕು, ತಪ್ಪು ಯಾರದಾದರೂ ಇರಲಿ ಅಂದರು.

ನಾನು ಎದ್ದು ಡಾಕ್ಟರ ಕೋಣೆಗೆ ಹೋಗಬೇಕಿತ್ತು. ಹತ್ತು ಹೆಜ್ಜೆ. ಹೋಗಲಿಲ್ಲ. ತಪಾಸಣೆಯವರು ಬಂದಿದ್ದರು. ನಾಳೆ ಹೇಳೋಣ ಅಂದುಕೊಂಡೆ. ಅವರು ಚೇತರಿಸಿಕೊಂಡರೆ ಹೇಳುವ ಅಗತ್ಯವೇ ಬರುವುದಿಲ್ಲ ಅಂತಲೂ ಅಂದುಕೊಂಡೆ. ಮನುಷ್ಯ ತನಗೆ ತಾನು ಎಷ್ಟು ಚೆನ್ನಾಗಿ ವಕಾಲತ್ತು ಮಾಡಿಕೊಳ್ಳುತ್ತಾನೆ ಎಂಬುದನ್ನು ಆ ಐದು ದಿನ ಕಲಿತೆ.

ಐದನೇ ದಿನ ಮಧ್ಯಾಹ್ನ ಪುಟ್ಟಸ್ವಾಮಿ ತೀರಿಕೊಂಡರು.

ಮಹೇಶ ಕಾರ್ಖಾನೆಯಿಂದ ನೇರ ಬಂದ. ನಮ್ಮಪ್ಪ ಚೇತರಿಸಿಕೊಳ್ಳುತ್ತಿದ್ದರಲ್ಲ, ಏನು ಮಾಡಿದಿರಿ ನೀವು ಅಂತ ಕೂಗಾಡಿದ. ಕೂಗಾಡುವುದಕ್ಕೆ ಅವನಿಗೆ ಹಕ್ಕಿತ್ತು. ಆಗ ನರ್ಸಿಂಗ್ ಸೂಪರಿಂಟೆಂಡೆಂಟ್ ಫೈಲು ತರಿಸಿ ಆ ಹಾಳೆಯನ್ನು ಅವನ ಮುಂದೆ ಹಿಡಿದರು. ಊಟದ ಚೌಕದಲ್ಲಿ ನನ್ನ ಗುರುತು. ಪಕ್ಕದಲ್ಲಿ ನನ್ನದೇ ಕೈಬರಹ: ಮೆತ್ತಗಿನ ಆಹಾರ ಮಾತ್ರ. ಕೆಳಗೆ ಸಾಕಮ್ಮನ ರುಜು. ಇದು ನಿಮ್ಮ ತಾಯಿಯದೇ ತಾನೇ ಅಂತ ಕೇಳಿದರು.

ಮಹೇಶ ಹಾಳೆಯನ್ನು ಎರಡು ಸಲ ಓದಿದ. ಗೋಡೆಗೆ ಒರಗಿ ಕೂತಿದ್ದ ತಾಯಿಯ ಕಡೆ ತಿರುಗಿದ. “ಯೋಳಿ ರುಜು ಇಸ್ಕೊಂಡವ್ರಲ್ಲವ್ವ. ನಿನ್ ಕೈಯಾರ ಕೊಂದ್ಬುಟ್ಟಲ್ಲ ನಮ್ಮಪ್ಪನ್ನ” ಅಂದ. ಕೂಗಲಿಲ್ಲ, ಮೆಲ್ಲಗೇ ಅಂದ.

ನಾನು ಎರಡು ಮಾರು ದೂರದಲ್ಲಿದ್ದೆ. ಬಾಯಿ ತೆರೆದರೆ ಸಾಕಿತ್ತು. ಸಾಕಮ್ಮ ಈ ಸಲ ನನ್ನ ಕಡೆ ನೋಡಲೂ ಇಲ್ಲ. ನೋಡಿದ್ದರೆ ಹೇಳುತ್ತಿದ್ದೆನೋ ಏನೋ, ಅದನ್ನೂ ಆಣೆ ಮಾಡಿ ಹೇಳಲಾರೆ. ಆಂಬುಲೆನ್ಸ್ ಹೋದ ಮೇಲೆ ಸೂಪರಿಂಟೆಂಡೆಂಟ್ ನನ್ನ ಭುಜ ತಟ್ಟಿ, ಸದ್ಯ ನಿಮ್ಮ ಫೈಲು ಸರಿಯಾಗಿತ್ತು ಸುಜಾತ ಅಂದರು. ನಾನು ಆ ಫೈಲನ್ನು ತೆಗೆದುಕೊಂಡು ಹೋಗಿ ಉಳಿದವುಗಳ ಜೊತೆ ಕಪಾಟಿನಲ್ಲಿಟ್ಟೆ.

ಆ ಹಂಗಾಮಿನ ಉಳಿದ ದಿನಗಳು ಹೇಗೆ ಕಳೆದವೋ ತಿಳಿಯದು. ಕಾರ್ಖಾನೆಯ ಹೊಗೆ ನಿಂತಿತು, ಗದ್ದೆಗಳು ಬೋಳಾದವು, ಬಸ್ಸು ಮತ್ತೆ ಹೊತ್ತಿಗೆ ಸರಿಯಾಗಿ ಹೋಗತೊಡಗಿತು. ನಾನು ಬಸ್ಸಿನಲ್ಲಿ ಡ್ರೈವರನ ಕಾಲು ಕಾಣದ ಸೀಟು ಹುಡುಕಿ ಕೂರುತ್ತಿದ್ದೆ. ವಾರ್ಡಿನಲ್ಲಿ ಯಾರನ್ನೂ ಬಯ್ಯುವ ಶಕ್ತಿ ಉಳಿದಿರಲಿಲ್ಲ. ಸಿಸ್ಟರ್ ಎಷ್ಟು ಸಾಧುವಾಗಿಬಿಟ್ಟರು ಅಂತ ಆಯಾಗಳು ಆಡಿಕೊಂಡರು. ಕೆಲಸಕ್ಕೆ ರಾಜೀನಾಮೆ ಬರೆದೆ. ಕೊನೆಗೊಂದು ದಿನ ಅವ್ವನ ಹತ್ತಿರ ಎಲ್ಲ ಹೇಳಿಕೊಂಡೆ. ಅವ್ವ ಸಮಾಧಾನ ಮಾಡುತ್ತಾರೆ ಅಂತ ಇತ್ತು. ಮಾಡಲಿಲ್ಲ. ಆ ಹೆಣ್ಣುಮಗಳು ಇಷ್ಟು ದಿವಸ ಆ ಮನೆಯಲ್ಲಿ ಹೇಗೆ ಉಂಡಿದ್ದಾಳು ಅಂತ ಕೇಳಿ, ಒಲೆಯ ಕಡೆ ತಿರುಗಿಕೊಂಡರು.

ಯುಗಾದಿ ಕಳೆದ ಮೇಲೆ ಒಂದು ಭಾನುವಾರ ಹೋದೆ. ಅಷ್ಟರಲ್ಲಿ ನಾಲ್ಕು ತಿಂಗಳಾಗಿತ್ತು. ಕಿರುಗಾವಲಿನಲ್ಲಿ ಬಸ್ಸಿಳಿದು ಆಟೋ ಹಿಡಿದೆ. ಡ್ರೈವರ್ ಪುಟ್ಟಸ್ವಾಮಿ ಮನೆ ಅಂದದ್ದಕ್ಕೆ ಆಟೋದವನು, ಹೆಂಡತಿ ಮುದ್ದೆ ತಿನ್ನಿಸಿ ಸಾಯಿಸಿದಳಲ್ಲ, ಅವರದಾ ಅಂತ ಸಹಜವಾಗಿ ಕೇಳಿದ. ಊರಿಗೆಲ್ಲ ಅದೇ ಗುರುತಾಗಿತ್ತು. ಇಳಿಯುವವರೆಗೂ ನಾನು ಕೈಚೀಲವನ್ನು ಹಿಸುಕುತ್ತಲೇ ಇದ್ದೆ.

ಮಹೇಶ ಮನೆಯಲ್ಲೇ ಇದ್ದ. ಗುರುತು ಹಿಡಿದು, ಬನ್ನಿ ಸಿಸ್ಟರ್ ಅಂತ ಕುರ್ಚಿ ಹಾಕಿದ. ಅವನ ಮಗಳು, ಎರಡು ಎರಡೂವರೆ ವರ್ಷದ್ದು, ಸಣ್ಣ ತಟ್ಟೆಯಲ್ಲಿ ಅನ್ನ ಹಿಡಿದು ಮನೆಯೆಲ್ಲ ಚೆಲ್ಲುತ್ತಾ ಓಡಾಡುತ್ತಿತ್ತು. ಸಾಕಮ್ಮ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಅರ್ಧಕ್ಕರ್ಧ ಇಳಿದುಹೋಗಿದ್ದರು. ಮಗು ಅವರ ಹತ್ತಿರ ಹೋಗಿ ಬಾಯಿ ತೆರೆದು ನಿಂತಿತು. ಸಾಕಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, ನಿಮ್ಮವ್ವನ ತಾವ ಓಗು ಮಗ ಅಂದರು. ಒಳಗಿನಿಂದ ಸೊಸೆ ಓಡಿ ಬಂದು ಮಗುವನ್ನು ಎಳೆದುಕೊಂಡಳು. ಇದು ಆ ಮನೆಯಲ್ಲಿ ದಿನವೂ ನಡೆಯುವುದು ಅಂತ ನೋಡಿದರೇ ತಿಳಿಯುತ್ತಿತ್ತು.

ನೀರು ಕೊಟ್ಟರು. ಕುಡಿಯಲಿಲ್ಲ. ಬಂದ ವಿಷಯ ಮಹೇಶನಿಗೆ ನೇರವಾಗಿ ಹೇಳಿದೆ. ಅಗಿಯುವುದು ಬೇಡ, ಸಲೀಸಾಗಿ ನುಂಗುವಂಥದ್ದು ಕೊಡಿ ಅಂತ ಹೇಳಿದವಳು ನಾನು. ಮುದ್ದೆ ಕೊಡಬೇಡಿ ಅಂತ ಹೇಳಲಿಲ್ಲ. ಮೊದಲ ತುತ್ತುಗಳನ್ನು ನಾನು ತಿನ್ನಿಸಿ ತೋರಿಸಬೇಕಿತ್ತು, ತೋರಿಸಲಿಲ್ಲ. ಫಾರಮ್ಮಿನಲ್ಲಿ ಮಾತ್ರ ಎಲ್ಲ ತಿಳಿಸಿದ್ದೇನೆ ಅಂತ ಗುರುತು ಹಾಕಿದೆ. ನಿಮ್ಮ ತಾಯಿ ನಾನು ಹೇಳಿದಂತೆಯೇ ಮಾಡಿದರು. ಡಾಕ್ಟರ್ ಕೇಳಿದಾಗ ನನ್ನ ಹೆಸರು ಹೇಳಲಿಲ್ಲ. ನೀವು ಅವರನ್ನು ಅಂದಾಗ ನಾನು ಅಲ್ಲೇ ಇದ್ದೆ, ಸುಮ್ಮನಿದ್ದೆ.

ಮಹೇಶ ನಾನು ಕುಡಿಯದೆ ಬಿಟ್ಟ ನೀರಿನ ಲೋಟವನ್ನು ಕೈಗೆತ್ತಿಕೊಂಡ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. “ನಾಕ್ ತಿಂಗ್ಳಾಯ್ತು ನಮ್ಮವ್ವನ್ ಕೈಲಿ ಒಂದ್ ಲೋಟ ನೀರ್ ಇಸ್ಕೊಂಡಿಲ್ಲ ನಾನು” ಅಂದ. ಅದನ್ನು ನನಗೆ ಹೇಳಿದನೋ ತನಗೇ ಹೇಳಿಕೊಂಡನೋ. “ಆ ಕ್ಯಾರಿಯರ್ ತಂದ್ಕೊಟ್ಟೋನು ನಾನೇಯ.”

ಆಮೇಲೆ ಎದ್ದು ಒಳಗೆ ಹೋಗಿ ಮಗುವನ್ನೂ ತಟ್ಟೆಯನ್ನೂ ತಂದ. ತಾಯಿಯ ಮುಂದೆ ಮಂಡಿಯೂರಿ ಕೂತ. ಮಗುವನ್ನು ಅವರ ತೊಡೆಯ ಮೇಲೆ ಕೂರಿಸಿ, ತಟ್ಟೆಯನ್ನು ಅವರ ಕೈಗೆ ಹಿಡಿಸಲು ನೋಡಿದ. “ತಿನ್ಸವ್ವ” ಅಂದ. ಮಗು ಆಗಲೇ ಬಾಯಿ ತೆರೆದಿತ್ತು.

ಸಾಕಮ್ಮ ಸೆರಗಿನಿಂದ ಬಲಗೈ ಹೊರಗೆ ತೆಗೆದರು. ಅನ್ನವನ್ನು ಮುಟ್ಟಿದರು. ಬೆರಳುಗಳು ಕೂಡಿಕೊಳ್ಳಲಿಲ್ಲ, ಅನ್ನ ತಟ್ಟೆಗೇ ಉದುರಿತು. ಇನ್ನೊಂದು ಸಲ ನೋಡಿದರು. ಆಮೇಲೆ ತಟ್ಟೆಯನ್ನು ಮಗನ ಕಡೆ ಸರಿಸಿದರು.

“ಬ್ಯಾಡ ಬುಡ್ಲಾ ಮಯೇಸ. ತಂದೋನು ನೀನಾಗ್ಲಿ, ಯೋಳ್ದೋರು ಇವ್ರಾಗ್ಲಿ, ತಿನ್ಸಿದ್ ಕೈ ಇದೇ ಅಲ್ವಾ.”

ಮಗು ಇನ್ನೂ ಬಾಯಿ ತೆರೆದುಕೊಂಡೇ ಇತ್ತು. ಸೊಸೆ ಬಂದು ಅದನ್ನು ಎತ್ತಿಕೊಂಡು ಒಳಗೆ ಹೋದಳು.